ಗೋಡೌನಲ್ಲಿ ಮಲಗಿದ್ದ ಜಿಪ್ಸಿ ಇಂಜಿನ್: ಕೀ ತಿರುಗಿಸೋಕೆ ಮುಂಚೆ ಮಾಡಿದ್ದೆಲ್ಲ

ಹಳೇ ಇಂಜಿನ್ ಒಂದನ್ನ ತಂದು ಶೆಡ್ಡಲ್ಲಿ ಇಳಿಸಿದ್ರೆ ಸಾಕು, ನೋಡೋಕೆ ಬಂದೋರೆಲ್ಲ ಕೇಳೋದು ಒಂದೇ, ಸ್ಟಾರ್ಟ್ ಆಗತ್ತಾ ಅಂತ. ಸ್ಟಾರ್ಟ್ ಆಗೋದೇನು ದೊಡ್ಡ ವಿಷಯ ಅಲ್ಲ ಕಣ್ರೀ, ಪೆಟ್ರೋಲು, ಗಾಳಿ, ಕಿಡಿ ಮೂರೂ ಸಿಕ್ಕಿ ಒಂಚೂರು ಕಂಪ್ರೆಶನ್ (ಪಿಸ್ಟನ್ ಗಾಳಿನ ಅದುಮೋ ಒತ್ತಡ) ಇದ್ರೆ ಅರ್ಧ ತುಕ್ಕು ಹಿಡಿದಿರೋ ಇಂಜಿನ್ನೂ ಒಂದ್ಸಲ ಗುರ್ ಅನ್ನತ್ತೆ. ಆ ಮೊದಲನೇ ಗುರ್ ಅನ್ನೋ ಹೊತ್ತಿಗೆ ಒಳಗಡೆ ಬೇರಿಂಗಿಗೆ, ವಾಲ್ವ್ ತೆರೆಸೋ ಕ್ಯಾಮ್‌ಶಾಫ್ಟಿಗೆ, ಸಿಲಿಂಡರ್ ಗೋಡೆಗೆ ಆಯಿಲ್ ತಲುಪಿತ್ತಾ ಇಲ್ವಾ ಅನ್ನೋದೇ ಮುಖ್ಯ. ವರ್ಷಾನುಗಟ್ಲೆ ನಿಂತ ಇಂಜಿನ್ನು ಮೊದಲ ಒಂದು ನಿಮಿಷದಲ್ಲಿ ತಿನ್ನೋ ಪೆಟ್ಟು ಆಮೇಲೆ ಸಾವಿರಾರು ಕಿಲೋಮೀಟರ್ ಓಡಿದ್ರೂ ತಿನ್ನಲ್ಲ, ಇದನ್ನ ನಾನು ಗಟ್ಟಿಯಾಗಿ ನಂಬ್ತೀನಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಇಂಜಿನ್ ಯಾವ್ದು ಅಂದ್ರೆ ಮಾರುತಿ ಜಿಪ್ಸಿದು, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರ್ ಇರೋ 1300 ಸಿಸಿ. ಗೊತ್ತಿಲ್ದೋರಿಗೆ ಹೇಳ್ತೀನಿ, ಜಿಪ್ಸಿ 1985ರಲ್ಲಿ ನಮ್ಮ ದೇಶಕ್ಕೆ ಬಂದಾಗ 970 ಸಿಸಿ ಇಂಜಿನ್ ಇತ್ತು, 1996ರಲ್ಲಿ ಜಿಪ್ಸಿ ಕಿಂಗ್ ಅಂತ 1298 ಸಿಸಿದು ಬಂತು, 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ, ಅಂದ್ರೆ ಪೆಟ್ರೋಲ್ ಇಂಜೆಕ್ಷನ್ ಆಯ್ತು. ನಂದು ಆ ನಡುವಿನ ಕಾಲದ್ದು, ಎಂಟು ವಾಲ್ವು, ಒಂದೇ ಕ್ಯಾಮು, ಟೈಮಿಂಗ್ ಬೆಲ್ಟು. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೇಲಿ ಜಿಪ್ಸಿ ಬಗ್ಗೆ ಇರೋ ಪ್ರೀತಿ ನಿಮಗೆ ಗೊತ್ತೇ ಇದೆ. ಮೂಡಿಗೆರೆ ಹತ್ರ ಒಂದು ಎಸ್ಟೇಟಲ್ಲಿ ಗಾಡಿ ಸ್ಕ್ರ್ಯಾಪಿಗೆ ಹೋಗಿ ಇಂಜಿನ್ನು, ಗೇರ್‌ಬಾಕ್ಸು ಮಾತ್ರ ಕಾಫಿ ಗೋಡೌನಿನ ಮೂಲೇಲಿ ಉಳಕೊಂಡಿತ್ತು, ಪೇಪರ್ ಸರಿ ಇತ್ತು, ತಂದೆ. ಪೇಪರ್ ವಿಷಯ ಇಲ್ಲೇ ಹೇಳಿಬಿಡ್ತೀನಿ, ಸೆಕೆಂಡ್ ಹ್ಯಾಂಡ್ ಇಂಜಿನ್ ತಗೊಳೋರು ಬ್ಲಾಕ್ ಮೇಲಿನ ನಂಬರ್ರೂ ಹಳೇ ಆರ್‌ಸಿಲಿರೋ ನಂಬರ್ರೂ ಒಂದೇನಾ ಅಂತ ನೋಡದೆ ದುಡ್ಡು ಕೊಡಬೇಡಿ, ಆಮೇಲೆ ನಿಮ್ಮ ಗಾಡಿ ಆರ್‌ಸಿಗೂ ಹೊಸ ನಂಬರ್ ಏರಿಸ್ಬೇಕು, ಕೆಎ 46 ಆಗ್ಲಿ ಕೆಎ 18 ಆಗ್ಲಿ.

ನಮ್ಮ ಕಡೆ ನಿಂತ ಇಂಜಿನ್ನಿಗೆ ಶತ್ರು ಅಂದ್ರೆ ವಯಸ್ಸಲ್ಲ, ತೇವ. ಇದೇ ಇಂಜಿನ್ನು ಅರಸೀಕೆರೆ ಕಡೆ ಯಾವ್ದೋ ತೆಂಗಿನ ತೋಟದ ಶೆಡ್ಡಲ್ಲಿ ಇಷ್ಟೇ ವರ್ಷ ಬಿದ್ದಿದ್ರೆ ಧೂಳು ಒರೆಸಿ ಕೆಲಸ ಶುರು ಮಾಡಬಹುದಿತ್ತು. ಹಾಸನ ಜಿಲ್ಲೆಯ ಆ ಮೂಲೆ ಒಣ ಸೀಮೆ, ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಘಟ್ಟದ ಅಂಚು. ಜೂನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರತ್ತೆ, ಚಪ್ಪಲಿಗೆ ಬೂಷ್ಟು ಬರತ್ತೆ, ಇನ್ನು ಎರಕದ ಕಬ್ಬಿಣ ಬಿಡತ್ತಾ. ಮಳೆ ನಿಂತಮೇಲೂ ಕತೆ ಮುಗಿಯಲ್ಲ, ಡಿಸೆಂಬರ್ ಜನವರಿಲಿ ರಾತ್ರಿ ತಣ್ಣಗೆ ಕೊರೆದು ಬೆಳಿಗ್ಗೆ ಬಿಸಿಲು ಏರುವಾಗ ತಣ್ಣಗಿರೋ ಲೋಹದ ಮೇಲೆ ಗಾಳಿಲಿರೋ ನೀರೆಲ್ಲ ಬಂದು ಕೂರತ್ತೆ, ಹೊರಗೂ, ಒಳಗೂ.

ಒಳಗೆ ಹೆಂಗೆ ಹೋಗತ್ತೆ ಅಂದ್ರೆ, ನಾಲ್ಕು ಸಿಲಿಂಡರ್ ಇಂಜಿನ್ ಎಲ್ಲೇ ನಿಂತ್ರೂ ಒಂದು ಸಿಲಿಂಡರಿಂದ ಎಕ್ಸಾಸ್ಟ್ ವಾಲ್ವ್ ತೆರೆದಿರತ್ತೆ, ಇನ್ನೊಂದರದ್ದು ಇನ್‌ಟೇಕ್ ವಾಲ್ವ್ ತೆರೆದಿರತ್ತೆ. ಆ ಎರಡು ಸಿಲಿಂಡರಿಗೆ ಗೋಡೌನಿನ ಗಾಳಿ ಸೀದಾ ಒಳಗೆ ಹೋಗಿ ಬರ್ತಿರತ್ತೆ. ಅದಕ್ಕೇ ತುಕ್ಕು ಎಲ್ಲ ಸಿಲಿಂಡರಿಗೂ ಸಮ ಹಿಡಿಯಲ್ಲ. ಫೋನಿಗೆ ಸಿಕ್ಕಿಸೋ ಸಣ್ಣ ಕ್ಯಾಮೆರಾ ಸಿಗತ್ತಲ್ಲ ಆನ್‌ಲೈನಲ್ಲಿ, ಅದನ್ನ ಸ್ಪಾರ್ಕ್ ಪ್ಲಗ್ ತೂತಲ್ಲಿ ಇಳಿಸಿ ನೋಡಿದ್ರೆ ಒಂದು, ಎರಡು, ನಾಲ್ಕು ಪರವಾಗಿಲ್ಲ, ಮೂರನೇದರಲ್ಲಿ ಮಾತ್ರ ಬೋರಿನ, ಅಂದ್ರೆ ಸಿಲಿಂಡರ್ ಒಳಗೋಡೆಯ, ಒಂದು ಪಕ್ಕ ಕಂದು ಬಣ್ಣದ ಪಟ್ಟಿ. ಮೇಲ್ಮೈ ತುಕ್ಕು, ಗುಳಿ ಬಿದ್ದಿರ್ಲಿಲ್ಲ. ಗುಳಿ ಬಿದ್ದಿದ್ರೆ ಹೆಡ್ ಬಿಚ್ಚದೆ ಬೇರೆ ದಾರಿನೇ ಇಲ್ಲ, ಅಲ್ಲಿ ಆಸೆ ಇಟ್ಕೋಬಾರದು.

ನನ್ನ ಜೊತೆ ಈ ಕೆಲಸಕ್ಕೆ ಕೂತೋರು ಹಾಸನದಲ್ಲಿ ಗ್ಯಾರೇಜ್ ಇಟ್ಟಿದ್ದ ಒಬ್ರು ಹಿರಿಯ ಮೆಕ್ಯಾನಿಕ್, ನಾವೆಲ್ಲ ಅಣ್ಣ ಅಂತೀವಿ. ನಾನು ಸ್ಪ್ಯಾನರ್ ತಗೊಂಡು ಕ್ರ್ಯಾಂಕ್ (ಪಿಸ್ಟನ್‌ಗಳು ಸೇರಿರೋ ಮುಖ್ಯ ಶಾಫ್ಟು) ತಿರುಗಿಸೋಕೆ ಹೋದಾಗ ಅವರು ಕೈ ಹಿಡಿದು ಹೇಳಿದ್ದು, "ಏನ್ ಅರ್ಜೆಂಟು ಗೌಡ್ರೇ, ಮೊದ್ಲು ಅದಕ್ಕೆ ಕುಡಿಯೋಕೆ ಕೊಡಿ." ಪವರ್ ಸ್ಟೀರಿಂಗಿಗೆ ಹಾಕ್ತಾರಲ್ಲ ಆ ಕೆಂಪು ಎಟಿಎಫ್ ಆಯಿಲ್ಲು, ಅದಕ್ಕೆ ಡೀಸೆಲ್ ಬೆರೆಸಿ ಒಂದೊಂದು ಪ್ಲಗ್ ತೂತಿಗೂ ಎರಡು ಮೂರು ಚಮಚದಷ್ಟು ಹಾಕಿ ಬಿಟ್ವಿ. ಅದು ಪಿಸ್ಟನ್ ಸುತ್ತ ಇಳಿದು ಪಿಸ್ಟನ್ ರಿಂಗ್ ಕೂರೋ ಗ್ರೂವಿಗೆ ಹೋಗ್ಬೇಕು, ರಿಂಗು ಆ ಗ್ರೂವಲ್ಲಿ ಅಂಟಿಕೊಂಡಿದ್ರೆ ಬಿಡಿಸ್ಬೇಕು, ಅದಕ್ಕೆ ಟೈಮ್ ಬೇಕೇ ಬೇಕು. ದಿನಾ ಸಂಜೆ ಹೋಗಿ ಇನ್ನೊಂಚೂರು ಹಾಕಿ ಬರ್ತಿದ್ದೆ.

ಆಮೇಲೆ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿ ಕ್ಯಾಮ್‌ಶಾಫ್ಟ್ ಮೇಲೆ, ವಾಲ್ವ್ ಒತ್ತೋ ರಾಕರ್ ಮೇಲೆ ಧಾರಾಳವಾಗಿ ಇಂಜಿನ್ ಆಯಿಲ್ ಸುರಿದ್ವಿ. ಇದನ್ನ ತುಂಬಾ ಜನ ಮಾಡಲ್ಲ, ನನಗೆ ಇದು ಅತೀ ಮುಖ್ಯ ಅನ್ಸತ್ತೆ, ಯಾಕಂದ್ರೆ ಆಯಿಲ್ ಪಂಪು ಕೆಳಗಿಂದ ತಳ್ಳಿದ ಆಯಿಲ್ಲು ಕಟ್ಟಕಡೆಗೆ ಬಂದು ಸೇರೋ ಜಾಗ ಇದು. ಕವರ್ ತೆಗೆದಿದ್ರೆ ಇನ್ನೊಂದು ಲಾಭ, ಕ್ರ್ಯಾಂಕ್ ತಿರುಗಿಸುವಾಗ ಎಂಟೂ ವಾಲ್ವ್ ಕೆಳಗೆ ಹೋಗಿ ವಾಪಸ್ ಬರ್ತಾವಾ ಅಂತ ಕಣ್ಣಾರೆ ನೋಡಬಹುದು. ಒಂದು ವಾಲ್ವ್ ಗೈಡಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿದ್ರೆ ಕೆಳಗೋಗಿದ್ದು ಅಲ್ಲೇ ನಿಲ್ಲತ್ತೆ, ಅದನ್ನ ನೋಡದೆ ಸೆಲ್ಫ್ ಹೊಡೆದ್ರೆ ಏನೇನು ಹಾಳಾಗತ್ತೆ ಅಂತ ಹೇಳೋಕಾಗಲ್ಲ.

ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಮುಂದಿಂದ ನೋಡಿದ್ರೆ ಗಡಿಯಾರದ ದಿಕ್ಕಿಗೆ, ನಿಧಾನಕ್ಕೆ. ಜೋರು ಮಾಡೋ ಹಾಗಿಲ್ಲ. ಒಂಚೂರು ಮುಂದೆ, ತಡೆದ್ರೆ ಒಂಚೂರು ಹಿಂದೆ, ಮತ್ತೆ ಮುಂದೆ. ಮೊದ್ಲು ಗರಗರ ಅಂತ ಕೈಗೆ ತಿಳೀತಿತ್ತು, ಒಂದು ಸುತ್ತು ಪೂರ್ತಿ ಬಂದಮೇಲೆ ಮತ್ತೆ ಆಯಿಲ್ ಹಾಕಿ ಇನ್ನೊಂದು ದಿನ ಬಿಟ್ವಿ, ಆಮೇಲೆ ನುಣ್ಣಗೆ ತಿರುಗ್ತು. ವಾಲ್ವ್‌ಗಳು ಎಲ್ಲಾ ಸರಿ ಇದ್ವು. ಆ ಹೊತ್ತಿನ ಖುಷಿ ನನಗೆ ಸ್ಟಾರ್ಟ್ ಆದಾಗ್ಲೂ ಅಷ್ಟು ಆಗ್ಲಿಲ್ಲ ಅನ್ನಬಹುದು.

ಟೈಮಿಂಗ್ ಬೆಲ್ಟ್ ಬಗ್ಗೆ ಚರ್ಚೆನೇ ಬೇಡ, ಹೊಸದು ಹಾಕಿ. ರಬ್ಬರು ಓಡದೇ ಇದ್ರೂ ಒಣಗತ್ತೆ, ಒಂದೇ ಭಂಗೀಲಿ ವರ್ಷಗಟ್ಲೆ ಮಡಚಿ ಕೂತಿರತ್ತೆ. ಟೆನ್ಷನರ್ ಬೇರಿಂಗೂ ಹಂಗೇ, ಗ್ರೀಸ್ ಒಣಗಿ ಕೈಲಿ ತಿರುಗಿಸಿದ್ರೆ ಸದ್ದು ಬರ್ತಿತ್ತು, ಅದನ್ನೂ ಬದಲಾಯಿಸಿದ್ವಿ. ನೀರಿನ ಪಂಪು, ಹೋಸ್ ಪೈಪು, ಥರ್ಮೋಸ್ಟಾಟು ಇವೆಲ್ಲ ಮಾಮೂಲಿ, ಬ್ಲಾಕಿನ ಪಕ್ಕದಲ್ಲಿರೋ ಬಟ್ಟಲಿನ ಆಕಾರದ ಪ್ಲಗ್‌ಗಳನ್ನ ಮಾತ್ರ ಮರೀಬೇಡಿ, ಕೂಲೆಂಟ್ ಹಾಕದೆ ಬರೀ ಬೋರ್‌ವೆಲ್ ನೀರಲ್ಲಿ ಓಡಿಸಿದ ಇಂಜಿನ್ ಆದ್ರೆ ಅವು ಒಳಗಿಂದ ತಿಂದುಹೋಗಿ ಹಾಳೆ ಆಗಿರ್ತಾವೆ.

ಹಳೇ ಆಯಿಲ್ ಇಳಿಸುವಾಗ ಪಾರದರ್ಶಕ ಡಬ್ಬ ಇಡಿ. ನೀರು ಭಾರ, ತಳದಲ್ಲಿರತ್ತೆ, ಡ್ರೈನ್ ಬೋಲ್ಟ್ ಬಿಚ್ಚಿದ ತಕ್ಷಣ ಮೊದ್ಲು ಬರೋದು ಅದೇ. ನಮ್ಮದರಲ್ಲಿ ಸ್ವಲ್ಪ ನೀರು, ಆಮೇಲೆ ಒಂದಷ್ಟು ಹಾಲು ಜಾಸ್ತಿಯಾದ ಕಾಫಿ ಬಣ್ಣದ್ದು, ಆಮೇಲೆ ಕಪ್ಪು. ಗ್ಯಾಸ್ಕೆಟ್ ಹೋಗಿ ಬಂದ ನೀರೋ, ಬರೀ ಗಾಳಿಯ ತೇವ ಇಳಿದು ಸೇರಿದ್ದೋ ಅಂತ ನನಗೆ ಆತಂಕ ಆಗಿತ್ತು, ಅಣ್ಣ ಹೇಳಿದ್ದು ಕೂಲೆಂಟ್ ಬಣ್ಣ ಇಲ್ಲ, ಪ್ರಮಾಣನೂ ಕಮ್ಮಿ, ಇದು ಮಳೆಗಾಲದ್ದೇ ಅಂತ. ಆಮೇಲೆ ರೇಡಿಯೇಟರ್ ಪ್ರೆಶರ್ ಟೆಸ್ಟಲ್ಲೂ ಅದೇ ಖಚಿತ ಆಯ್ತು. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ತಳದ ಕೆಸರು, ಸ್ಟ್ರೈನರ್ ಜಾಲರಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದ್ವಿ. ಜಾಲರಿ ಕಟ್ಟಿಕೊಂಡಿದ್ರೆ ಎಷ್ಟು ಒಳ್ಳೇ ಆಯಿಲ್ ಹಾಕಿದ್ರೂ ಪಂಪು ಎಳೆಯೋದು ಏನನ್ನ.

ಪೆಟ್ರೋಲಿನ ಕಡೆ ಕೆಲಸ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಇತ್ತು. ಕಾರ್ಬ್ಯುರೇಟರ್ ಬಾಯಲ್ಲಿ ಕಣಜದ ಮಣ್ಣಿನ ಗೂಡು, ಏರ್ ಕ್ಲೀನರ್ ಡಬ್ಬದಲ್ಲಿ ಇಲಿ ತಂದಿಟ್ಟ ಕಾಫಿ ಹೊಟ್ಟು, ಗೋಣಿ ನಾರು. ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ನಿಲ್ಲೋ ಬೌಲ್ ಒಳಗೆ ಹಳೇ ಪೆಟ್ರೋಲು ಆವಿಯಾಗಿ ಅಂಟಿನ ತರ ಹಸಿರುಗಂದು ಪದರ. ಪೂರ್ತಿ ಬಿಚ್ಚಿ ಕಾರ್ಬ್ ಕ್ಲೀನರಲ್ಲಿ ನೆನೆಸಿ ಕಂಪ್ರೆಸರ್ ಗಾಳಿ ಹೊಡೆದ್ವಿ. ಪೆಟ್ರೋಲ್ ಹಾಯೋ ಸಣ್ಣ ತೂತಿನ ಜೆಟ್ಟಿಗೆ ತಂತಿ ಹಾಕಿ ಕೆದಕೋ ಅಭ್ಯಾಸ ನಮ್ಮ ಕಡೆ ತುಂಬಾ ಇದೆ, ದಯವಿಟ್ಟು ಮಾಡಬೇಡಿ, ಹಿತ್ತಾಳೆ ಮೆತ್ತಗೆ, ತೂತು ಒಂಚೂರು ದೊಡ್ಡದಾದ್ರೂ ಆಮೇಲೆ ಮಿಕ್ಸ್ಚರ್ ಯಾವತ್ತೂ ಸರಿ ಕೂರಲ್ಲ. ಪಂಪಿನ ಡಯಾಫ್ರಮ್ಮು, ಎಲ್ಲಾ ರಬ್ಬರ್ ಪೈಪು ಹೊಸದು. ಅದಕ್ಕೆ ಇನ್ನೊಂದು ಕಾರಣ ಇದೆ, ಈ ಇಂಜಿನ್ ಮಲಗಿದಾಗ ಇದ್ದ ಪೆಟ್ರೋಲೇ ಬೇರೆ, ಈಗ ಬಂಕಲ್ಲಿ ಸಿಗೋದೇ ಬೇರೆ. ಇ20 ಅಂದ್ರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲು, 2023ರ ಫೆಬ್ರವರಿಲಿ ನಮ್ಮ ಬೆಂಗಳೂರಲ್ಲೇ ಬಿಡುಗಡೆ ಮಾಡಿದ್ದು, ಈಗ ಎಲ್ಲಾ ಕಡೆ ಅದೇ. ಎಥನಾಲು ಗಾಳಿಲಿರೋ ನೀರನ್ನ ಎಳ್ಕೊಳತ್ತೆ, ಹಳೇ ಕಾಲದ ರಬ್ಬರನ್ನ ಮೆತ್ತಗೆ ಮಾಡತ್ತೆ. ಮಲೆನಾಡಲ್ಲಿ ಗಾಡಿ ನಿಲ್ಲಿಸೋರು ಇದನ್ನ ತಲೇಲಿ ಇಟ್ಕೊಳಿ, ಮಳೆಗಾಲ ಪೂರ್ತಿ ನಿಲ್ಸೋದಾದ್ರೆ ಕಾರ್ಬ್ಯುರೇಟರ್ ಬೌಲ್ ಖಾಲಿ ಮಾಡಿ ನಿಲ್ಸಿ.

ಇನ್ನು ಆಯಿಲ್ ಪ್ರೆಶರ್. ಹಳೇ ಕಾಲದ ಎಷ್ಟೋ ಇಂಜಿನ್ನಲ್ಲಿ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ತೆಗೆದು ಆ ತೂತಲ್ಲಿ ಡ್ರಿಲ್ ಮೆಷಿನ್ ಇಟ್ಟು ಆಯಿಲ್ ಪಂಪನ್ನ ಒಂದನ್ನೇ ತಿರುಗಿಸಬಹುದು. ಜಿಪ್ಸಿಲಿ ಆಗಲ್ಲ, ಪಂಪು ಕ್ರ್ಯಾಂಕಿನ ಮುಂದಿನ ತುದೀಲೇ ಕೂತಿದೆ, ಇಂಜಿನ್ ತಿರುಗದೆ ಪಂಪ್ ತಿರುಗಲ್ಲ. ಹಂಗಾಗಿ ನಾಲ್ಕೂ ಪ್ಲಗ್ ಬಿಚ್ಚೇ ಇಟ್ಟು, ಕಿಡಿ ಬರದ ಹಾಗೆ ಇಗ್ನಿಷನ್ ಕಾಯಿಲ್ಲಿಗೆ ಹೋಗೋ ಕರೆಂಟ್ ವೈರ್ ಕಿತ್ತು, ಹೊಸ ಫಿಲ್ಟರಿಗೆ ಮೊದ್ಲೇ ಆಯಿಲ್ ತುಂಬಿ ಕೂರಿಸಿ, ಸೆಲ್ಫ್ ಹೊಡೆಯೋದು. ಪ್ಲಗ್ ಇಲ್ದಿದ್ರೆ ಕಂಪ್ರೆಶನ್ ಇರಲ್ಲ, ಇಂಜಿನ್ ಸಲೀಸಾಗಿ ತಿರುಗತ್ತೆ, ಬೇರಿಂಗ್ ಮೇಲೆ ಭಾರ ಬೀಳಲ್ಲ, ಪಂಪು ಮಾತ್ರ ಕೆಲಸ ಮಾಡತ್ತೆ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ, ಇಲ್ಲಾಂದ್ರೆ ಸೆಲ್ಫ್ ಮೋಟಾರ್ ಸುಡತ್ತೆ. ಆಯಿಲ್ ಸ್ವಿಚ್ ಇರೋ ಜಾಗಕ್ಕೆ ನಾವು ಮುಳ್ಳಿನ ಗೇಜ್ ಹಾಕಿದ್ವಿ, ಬಲ್ಬಿನ ಮೇಲೆ ನನಗೆ ನಂಬಿಕೆ ಇಲ್ಲ, ಬಲ್ಬ್ ಸುಟ್ಟಿದ್ರೂ ಆರಿದಂಗೇ ಕಾಣತ್ತೆ. ಮೊದಲ ಸಲ ಮುಳ್ಳು ಅಲ್ಲಾಡಲಿಲ್ಲ. ಮತ್ತೆ ಹೊಡೆದ್ರೂ ಇಲ್ಲ. ಅಣ್ಣ ಸುಮ್ನೆ ನಿಂತಿದ್ರು, "ಪಂಪ್ ಒಣಗಿದೆ, ಹಿಡ್ಕೊಳತ್ತೆ ಇರಿ" ಅಂದ್ರು. ಆಮೇಲೊಂದು ಸಲ ಮುಳ್ಳು ನಡುಗಿ ನಿಧಾನಕ್ಕೆ ಎದ್ದು ನಿಂತ್ಕೊಂತು, ಮೇಲೆ ಕವರ್ ತೆಗೆದ ಜಾಗದಲ್ಲಿ ರಾಕರ್ ಸಂದಿಂದ ಆಯಿಲ್ ಜಿನುಗೋಕೆ ಶುರುವಾಯ್ತು. ಅಲ್ಲಿಗೆ ಆಯಿಲ್ಲು ಇಂಜಿನ್ ಪೂರ್ತಿ ಸುತ್ತಿ ಬಂತು ಅಂತ ಅರ್ಥ.

ಹಂಗೇ ಕಂಪ್ರೆಶನ್ನೂ ನೋಡಿದ್ವಿ, ಥ್ರಾಟಲ್ ಪೂರ್ತಿ ತೆರೆದು. ಮೂರು ಸಿಲಿಂಡರ್ 150 ಪಿಎಸ್‌ಐ ಮೇಲೆ, ತುಕ್ಕು ಇದ್ದ ಮೂರನೇದು ಮಾತ್ರ ಕೆಳಗೆ. ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ನೋಡಿದ್ರೆ ಮೇಲೆ ಬಂತು, ಅಂದ್ರೆ ತೊಂದರೆ ರಿಂಗಿನದ್ದು, ವಾಲ್ವಿನದ್ದಲ್ಲ. ಆಯಿಲ್ ಹಾಕಿದ್ರೂ ಏರದಿದ್ರೆ ವಾಲ್ವು ಅಂತ ತಿಳ್ಕೋಬೇಕು. ರಿಂಗು ಓಡ್ತಾ ಓಡ್ತಾ ಬಿಡೋ ಸಾಧ್ಯತೆ ಇರತ್ತೆ, ಹಂಗಾಗಿ ಮುಂದುವರೆದ್ವಿ.

ಸ್ಟಾರ್ಟ್ ಮಾಡೋ ದಿನ ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಕಬ್ಬಿಣದ ಫ್ರೇಮಿಗೆ ಬಿಗಿದು, ಮುಂದೆ ರೇಡಿಯೇಟರ್ ಕಟ್ಟಿ, ಬ್ಲಾಕಿಗೆ ದಪ್ಪ ಅರ್ತ್ ವೈರು, ಹೊಸ ಪ್ಲಗ್ಗು, ಸಿಲಿಂಡರ್‌ಗಳು ಉರಿಯೋ 1-3-4-2 ಆರ್ಡರಲ್ಲಿ ಪ್ಲಗ್ ವೈರು. ಪೈಪ್ ಹಾಕಿ ಹೊಗೆ ಹೊರಗೆ ಬಿಟ್ಟಿದ್ವಿ, ಶೆಡ್ಡಿನ ಬಾಗ್ಲೂ ತೆಗೆದಿತ್ತು, ಮುಚ್ಚಿದ ಶೆಡ್ಡಲ್ಲಿ ಇಂಜಿನ್ ಓಡಿಸಿದ್ರೆ ಆ ಹೊಗೆ ಜೀವ ತೆಗೆಯತ್ತೆ. ಪಕ್ಕದಲ್ಲಿ ಮರಳಿನ ಬಕೆಟ್ಟು, ಫೈರ್ ಸಿಲಿಂಡರು. ಬೌಲಿಗೆ ಮೊದ್ಲೇ ಪೆಟ್ರೋಲ್ ತುಂಬಿದ್ದಕ್ಕೆ ಜಾಸ್ತಿ ಹೊಡೆಯೋ ಕೆಲಸ ಇರ್ಲಿಲ್ಲ, ಕೆಮ್ಮಿ ಹಿಡ್ಕೊಂತು. ನನ್ನ ಕಣ್ಣು ಗೇಜ್ ಮೇಲೇ, ಮುಳ್ಳು ಏಳದೇ ಇದ್ರೆ ಐದು ಸೆಕೆಂಡಲ್ಲಿ ಆಫ್ ಮಾಡ್ಬೇಕು ಅಂತ ಮಾತಾಗಿತ್ತು, ಎದ್ದಿತು. ಬಿಳಿ ನೀಲಿ ಹೊಗೆ ಶೆಡ್ ಮುಂದೆ ಪೂರ್ತಿ ತುಂಬ್ಕೊಂತು, ಅದು ಬೋರಿಗೆ ಹಾಕಿದ್ದ ಆಯಿಲ್ಲು ಉರಿಯೋದು, ಸ್ವಲ್ಪ ಹೊತ್ತಲ್ಲಿ ತಿಳಿಯಾಯ್ತು. ಟ್ಯಾಪೆಟ್ ಸದ್ದು ಇತ್ತು, ಅದಕ್ಕೆ ಹೆದರ್ಬೇಕಿಲ್ಲ. ಕೆಳಗಿಂದ ಧಡ್ ಧಡ್ ಅಂತ ಗಟ್ಟಿ ಸದ್ದು ಬಂದ್ರೆ ಮಾತ್ರ ತಕ್ಷಣ ನಿಲ್ಲಿಸ್ಬೇಕು, ಬರ್ಲಿಲ್ಲ. ಐಡಲ್‌ಗಿಂತ ಸ್ವಲ್ಪ ಮೇಲೆ ಇಟ್ಟು ಥರ್ಮೋಸ್ಟಾಟ್ ತೆರೆದು ರೇಡಿಯೇಟರ್ ಕೆಳಗೂ ಬಿಸಿ ಆಗೋ ತನಕ ಓಡಿಸಿ ನಿಲ್ಸಿದ್ವಿ.

ಬಿಸಿ ಇರುವಾಗ್ಲೇ ಆ ಹೊಸ ಆಯಿಲ್ಲೂ ಇಳಿಸಿಬಿಟ್ವಿ. ದುಡ್ಡು ದಂಡ ಅನ್ನೋರಿದ್ದಾರೆ, ನಾನು ಒಪ್ಪಲ್ಲ, ಮೊದಲ ಓಟದ ಆಯಿಲ್ಲು ಒಳಗಿನ ತುಕ್ಕಿನ ಪುಡಿ, ಡೀಸೆಲ್ಲು, ನೀರು ಎಲ್ಲ ಹೊತ್ಕೊಂಡಿರತ್ತೆ. ಫಿಲ್ಟರ್ ಕೊಯ್ದು ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದ್ರೆ ಕೆಂಪು ಪುಡಿ ಇತ್ತು, ಬೇರಿಂಗಿನ ಹೊಳೆಯೋ ಚೂರು ಇರ್ಲಿಲ್ಲ. ಆಮೇಲೆ ಹಾಕಿದ್ದು 20ಡಬ್ಲ್ಯೂ-40 ಗ್ರೇಡಿನ ಆಯಿಲ್ಲು. ಮೂರನೇ ಸಿಲಿಂಡರ್ ಕಂಪ್ರೆಶನ್ ಗಾಡಿಗೆ ಕೂರಿಸಿ ಒಂದಷ್ಟು ಓಡಿಸಿದ ಮೇಲೆ ಮತ್ತೆ ನೋಡೋದು ಅಂತ ಇಟ್ಕೊಂಡಿದ್ದೀವಿ. ಈಗ ಬಾಕಿ ಇರೋದು ಕ್ಲಚ್ಚು, ಪ್ಲೇಟು ತೇವಕ್ಕೆ ಫ್ಲೈವೀಲಿಗೆ ಅಂಟಿಕೊಂಡು ಲೈನಿಂಗ್ ಕಿತ್ತು ಬಂದಿದೆ. ಕಾರ್ಬ್ಯುರೇಟರ್ ಜಿಪ್ಸಿದು ಕ್ಲಚ್ಚಿನ ಒಳ್ಳೇ ಪ್ರೆಶರ್ ಪ್ಲೇಟ್ ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ಎಲ್ಲಿ ಸಿಗತ್ತೆ ಅಂತ ಗೊತ್ತಿರೋರು ತಿಳಿಸಿ.