ಡ್ರೈವ್ ಬಂತು, ಹಳೇ ಡಿಸ್ಕ್ ಡಬ್ಬ ತೆರೆದೆ

2025 ನವೆಂಬರ್ 16, ಭಾನುವಾರ

ಬೆಳಿಗ್ಗೆಯಿಂದ ಒಂದೇ ಕೆಲಸ. ಡಿಸ್ಕ್ ಹಾಕು, ಕಾಪಿ ಮಾಡು, ತೆಗೆ, ಇನ್ನೊಂದು ಹಾಕು. ಡಬ್ಬದಲ್ಲಿ ಹಳೇ ಸಿಡಿ, ಡಿವಿಡಿ ಎಲ್ಲ ಸೇರಿ ಒಟ್ಟು 63 ಇದ್ದವು, ರಾತ್ರಿ ಊಟದ ಹೊತ್ತಿಗೆ 34 ಮುಗಿದವು. ಬೆನ್ನು ಹಿಡಿದುಕೊಂಡಿದೆ, ಆದರೂ ಬರೆದೇ ಮಲಗುತ್ತೇನೆ. ಹೋದ ವಾರ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಈಗ ಬರುವ ಹೆಚ್ಚಿನವುಗಳಲ್ಲೂ ಇರುವುದಿಲ್ಲ. 2008ರಲ್ಲಿ ಆಪಲ್‌ನವರು ಮ್ಯಾಕ್‌ಬುಕ್ ಏರ್‌ನಲ್ಲಿ ಡ್ರೈವ್ ಕೈಬಿಟ್ಟಾಗ ಇದೇನಪ್ಪಾ ಅನಿಸಿತ್ತು, ಆಮೇಲೆ ಒಬ್ಬೊಬ್ಬರಾಗಿ ಮಿಕ್ಕವರೂ ಬಿಟ್ಟರು. ಡ್ರೈವ್ ಹೋಯಿತು, ಡಿಸ್ಕ್‌ಗಳು ಮನೆಯಲ್ಲೇ ಉಳಿದವು. ಅದಕ್ಕೇ ಹೊರಗಿನಿಂದ ಹಾಕುವ ಡಿವಿಡಿ ರೈಟರ್ ತರಿಸಿದೆ.

ಮೊದಲ ದಿನವೇ ತಕರಾರು. ಡಿಸ್ಕ್ ಗುಂಯ್ ಅಂತ ತಿರುಗಲು ಶುರು ಮಾಡಿ ವೇಗ ಹಿಡಿಯುವಷ್ಟರಲ್ಲಿ ಟಕ್ ಅಂತ ಸದ್ದು, ಡ್ರೈವ್ ಕಂಪ್ಯೂಟರಿನಿಂದಲೇ ಮಾಯ. ಮತ್ತೆ ಬಂತು, ಮತ್ತೆ ಹೋಯಿತು. ಡ್ರೈವೇ ಕೆಟ್ಟಿದೆ ಅಂತ ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ಕೊನೆಗೆ ಗೊತ್ತಾಗಿದ್ದು, ತಪ್ಪು ಡ್ರೈವ್‌ದಲ್ಲ, ನಾನು ಅದನ್ನು ಹಾಕಿದ್ದ ಹಬ್‌ದು, ಅಂದರೆ ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಡಬ್ಬಿಯದು. ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಎಲ್ಲ ಅದೇ ಹಬ್‌ನಲ್ಲಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಕರೆಂಟು 500 ಮಿಲಿಆಂಪ್, 3.0 ಆದರೆ 900. ಮೋಟಾರ್ ತಿರುಗಲು ಶುರು ಮಾಡುವ ಆ ಒಂದೆರಡು ಸೆಕೆಂಡು ಡ್ರೈವ್‌ಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು. ಹಬ್‌ಗೆ ಬೇರೆ ಪವರ್ ಇಲ್ಲದಿದ್ದರೆ ಒಂದು ಪೋರ್ಟ್‌ನ ಕರೆಂಟನ್ನೇ ಎಲ್ಲರೂ ಹಂಚಿಕೊಳ್ಳಬೇಕು, ಸಾಲುವುದಿಲ್ಲ. ಕೆಲವು ಡ್ರೈವ್‌ಗಳ ಜೊತೆ ಎರಡು ತಲೆಯ ಕೇಬಲ್ ಬರುತ್ತದಲ್ವಾ, ಅದು ಇದಕ್ಕೇ. ಹಬ್ ಬಿಟ್ಟು, ಗಿಡ್ಡ ಕೇಬಲ್‌ನಲ್ಲಿ ನೇರ ಲ್ಯಾಪ್‌ಟಾಪ್‌ಗೇ ಹಾಕಿದೆ. ಅಂದಿನಿಂದ ಒಂದು ಸಲವೂ ಕೈಕೊಟ್ಟಿಲ್ಲ.

ಡಬ್ಬಿ ಮೇಲೆ 3.0 ಅಂತ ಬರೆದಿದ್ದರೆ ಬೇಗ ಓದುತ್ತದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಈ ತೆಳು ಡ್ರೈವ್‌ಗಳಲ್ಲಿ ಡಿವಿಡಿ ಓದುವುದು ಸಾಮಾನ್ಯವಾಗಿ 8 ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 11 ಎಂಬಿ. ಅಷ್ಟನ್ನು 2.0 ಕೂಡ ಆರಾಮಾಗಿ ಸಾಗಿಸುತ್ತದೆ.

ಇನ್ನೊಂದು, ಡಿಸ್ಕನ್ನು ಟ್ರೇ ಮೇಲೆ ಸುಮ್ನೆ ಇಟ್ಟು ತಳ್ಳಬಾರದು. ಈ ಡ್ರೈವ್‌ಗಳಲ್ಲಿ ನಡುವೆ ಒಂದು ಗುಬಟು ಇರುತ್ತದೆ, ಅದರ ಅಂಚಿಗೆ ಪುಟ್ಟ ಪುಟ್ಟ ಹಿಡಿಕೆಗಳು. ಒಂದು ಕೈಯಲ್ಲಿ ಟ್ರೇಯನ್ನು ಕೆಳಗಿನಿಂದ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಡಿಸ್ಕಿನ ನಡುಭಾಗವನ್ನು ಟಿಕ್ ಅನ್ನುವವರೆಗೆ ಒತ್ತಬೇಕು. ಅಂಚಿನಲ್ಲಿ ಒತ್ತಿದರೆ ಟ್ರೇ ಬಾಗುತ್ತದೆ. ಪಕ್ಕದಲ್ಲೇ ಲೆನ್ಸ್ ಬಾಯಿ ತೆರೆದು ಕೂತಿರುತ್ತದೆ, ಅದಕ್ಕೆ ಬೆರಳು ತಾಗಿಸಬೇಡಿ.

ಇವತ್ತು ಹೆಚ್ಚು ಹೊತ್ತು ಹಿಡಿದದ್ದು ನಾಲ್ಕು ಸಣ್ಣ ಡಿಸ್ಕ್‌ಗಳು. 8 ಸೆಂಟಿಮೀಟರಿನವು, 1.4 ಜಿಬಿ, ಅರ್ಧ ಗಂಟೆ ವಿಡಿಯೋ. 2006ರ ಸುಮಾರಿಗೆ ಇಂಥ ಡಿಸ್ಕ್ ಹಾಕುವ ವಿಡಿಯೋ ಕ್ಯಾಮೆರಾ ನಮ್ಮಲ್ಲಿತ್ತು. ಟ್ರೇ ಇರುವ ಡ್ರೈವ್ ತಗೊಂಡಿದ್ದು ಒಳ್ಳೆಯದಾಯಿತು. ಸೀಳಿನೊಳಗೆ ಡಿಸ್ಕ್ ನುಂಗುವ ಡ್ರೈವ್‌ಗಳಿಗೆ ಸಾಮಾನ್ಯವಾಗಿ ಈ ಸಣ್ಣದ್ದು ಹಾಕುವಂತಿಲ್ಲ, ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಮೂರು ಸಲೀಸಾಗಿ ಓದಿದವು. ನಾಲ್ಕನೆಯದು, ಮೇಲೆ ಮಾರ್ಕರಿನಲ್ಲಿ 'ಪುಟ್ಟಿ' ಅಂತ ಬರೆದದ್ದು, ಖಾಲಿ ಅಂತ ತೋರಿಸಿತು. ಎದೆ ಧಸಕ್ಕೆಂದಿತು. ಆದರೆ ಡಿಸ್ಕ್ ತಿರುಗಿಸಿ ಬೆಳಕಿಗೆ ಹಿಡಿದರೆ, ಒಳಗಿನ ಸುತ್ತಿನಿಂದ ಮುಕ್ಕಾಲು ಭಾಗದವರೆಗೆ ಬಣ್ಣ ಬೇರೆ, ಹೊರಗಿನ ಸುತ್ತು ಬೇರೆ. ಬರೆದ ಜಾಗ ಕಣ್ಣಿಗೇ ಕಾಣುತ್ತಿತ್ತು. ಅಂದರೆ ವಿಡಿಯೋ ಇದೆ, ಕ್ಯಾಮೆರಾದಲ್ಲಿ ಫೈನಲೈಸ್ ಮಾಡಿಲ್ಲ ಅಷ್ಟೆ. ಪುಸ್ತಕ ಬರೆದು ಪರಿವಿಡಿ ಹಾಕದೆ ಬಿಟ್ಟ ಹಾಗೆ, ಎಲ್ಲಿ ಏನಿದೆ ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಂಥ ಹೊತ್ತಲ್ಲಿ ವಿಂಡೋಸ್ 'ಈ ಡಿಸ್ಕನ್ನು ಹೇಗೆ ಬಳಸುತ್ತೀರಿ' ಅಂತ ಕೇಳಿದರೆ ದಯವಿಟ್ಟು ಸರಿ ಅಂತ ಒತ್ತಬೇಡಿ. ಖಾಲಿ ಅಂದುಕೊಂಡು ಅದರ ಮೇಲೇ ಬರೆಯಲು ಹೊರಡುತ್ತದೆ. ನಾನು ರದ್ದು ಮಾಡಿ ಐಸೋಬಸ್ಟರ್‌ನಲ್ಲಿ ತೆರೆದೆ, ಅದು ಇಂಥ ಡಿಸ್ಕ್‌ನಿಂದ ಫೈಲ್ ಹೊರತೆಗೆಯುವ ಸಾಫ್ಟ್‌ವೇರ್. ಪೂರ್ತಿ ವಿಡಿಯೋ ಸಿಕ್ಕಿತು. ಅಕ್ಕನ ಮಗಳು, ಎರಡು ವರ್ಷ, ಹಸಿರು ಫ್ರಾಕ್, ಕುರ್ಚಿ ಹಿಡಿದುಕೊಂಡು ಕ್ಯಾಮೆರಾಗೆ ಏನೋ ಹೇಳುತ್ತಿದ್ದಾಳೆ. ನಾಲ್ಕು ಸಲ ನೋಡಿದೆ.

ಓದದ ಡಿಸ್ಕ್ ಇದ್ದರೆ ಮೊದಲು ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಒರೆಸಬೇಡಿ. ಹೊಳೆಯುವ ಬದಿಯ ಗೀರಿಗೆ ಎಲ್ಲರೂ ಹೆದರುತ್ತಾರೆ, ಆದರೆ ಸಿಡಿಯಲ್ಲಿ ಹೆಸರು ಬರೆಯುವ ಬದಿಯೇ ಹೆಚ್ಚು ನಾಜೂಕು. ಮಾಹಿತಿ ಇರುವ ಪದರ ಅಲ್ಲೇ, ತೆಳು ಲೇಪದ ಕೆಳಗೇ ಇರುತ್ತದೆ. ಅಲ್ಲಿ ಪದರ ಎದ್ದರೆ ಹೋಯಿತು. ಡಿವಿಡಿ ಹಾಗಲ್ಲ, ಎರಡು 0.6 ಮಿಲಿಮೀಟರ್ ತಟ್ಟೆಗಳ ನಡುವೆ ಭದ್ರವಾಗಿರುತ್ತದೆ. ನನ್ನ ಡಬ್ಬದಲ್ಲಿ ಸ್ಟಿಕ್ಕರ್ ಅಂಟಿಸಿದ್ದ ಒಂದು ಸಿಡಿ ಇತ್ತು, ಸ್ಟಿಕ್ಕರ್ ಎಳೆದಾಗ ಬೆಳ್ಳಿ ಪದರವೂ ಜೊತೆಗೇ ಬಂತು. ಅದರಲ್ಲಿ ಏನಿತ್ತೋ ಇನ್ನು ಗೊತ್ತಾಗುವುದಿಲ್ಲ. ಈಗಲೂ ಹೊಟ್ಟೆ ಉರಿಯುತ್ತಿದೆ.

ಸಿನಿಮಾ ಡಿವಿಡಿ ನೋಡಲು ಈಗಿನ ವಿಂಡೋಸ್ ಜೊತೆಗೆ ಏನೂ ಬರುವುದಿಲ್ಲ, ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಹಾಕಿಕೊಂಡರೆ ಸಾಕು. ಬ್ಲೂ-ರೇ ಡಿಸ್ಕ್ ನಿಮ್ಮ ಹತ್ತಿರ ಇಲ್ಲದಿದ್ದರೆ ಬ್ಲೂ-ರೇ ಡ್ರೈವ್ ಬೇಡ. ಇದ್ದರೆ ತಡ ಮಾಡಬೇಡಿ. ಮನೆಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಸುವುದನ್ನು ಸೋನಿ 2025ರ ಫೆಬ್ರವರಿಯಲ್ಲೇ ನಿಲ್ಲಿಸಿದೆ. ಮುಂದೆ ಡ್ರೈವ್ ಇನ್ನಷ್ಟು ಸುಲಭವಾಗಿ ಸಿಗುತ್ತದೆ ಅನ್ನುವ ಭರವಸೆ ನನಗಂತೂ ಇಲ್ಲ.

ಇವತ್ತು ಕಾಪಿ ಆದದ್ದನ್ನೆಲ್ಲ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿದೆ. ಪುಟ್ಟಿ ವಿಡಿಯೋ ಅಕ್ಕನಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಆ ಫ್ರಾಕ್ ಇನ್ನೂ ನನ್ನ ಹತ್ರ ಇದೆ ಕಣೋ."

ಎರಡು ಸಿಡಿ ಇನ್ನೂ ಜಪ್ಪಯ್ಯ ಅನ್ನುತ್ತಿಲ್ಲ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಗೆಳೆಯನ ಹಳೇ ಡೆಸ್ಕ್‌ಟಾಪ್‌ನಲ್ಲಿ ದೊಡ್ಡ ಡ್ರೈವ್ ಇದೆ, ನಾಳೆ ಸಂಜೆ ತಗೊಂಡು ಹೋಗುತ್ತೇನೆ.