ಗೋವಾದ ಸೆಕೆಯಲ್ಲಿ 42 ಕಿಲೋಮೀಟರ್

ಬೆಂಗಳೂರಿನ ತಂಪಿನಲ್ಲಿ 4 ಗಂಟೆ 20 ನಿಮಿಷಕ್ಕೆ ಮುಗಿಸಿದ್ದ ಮ್ಯಾರಥಾನನ್ನು ಡಿಸೆಂಬರಿನ ಗೋವಾದಲ್ಲಿ ಮುಗಿಸಲು ನನಗೆ 5 ಗಂಟೆ 6 ನಿಮಿಷ ಬೇಕಾಯಿತು. ದೂರ ಅದೇ 42.195 ಕಿಲೋಮೀಟರ್, ಕಾಲುಗಳೂ ಅವೇ, ಅಭ್ಯಾಸವಂತೂ ಈ ಸಲ ಒಂದು ಕೈ ಹೆಚ್ಚೇ ಆಗಿತ್ತು. ಆ 46 ನಿಮಿಷಗಳಲ್ಲಿ ಒಂದಿಷ್ಟು ನದಿದಂಡೆಯ ಸೆಕೆಗೆ ಹೋಯಿತು, ಉಳಿದದ್ದು ನನ್ನ ತಪ್ಪುಗಳಿಗೆ ಹೋಯಿತು. ಮುಂದಿನ ವರ್ಷಕ್ಕೆ ಹೆಸರು ನೋಂದಾಯಿಸಬೇಕೆಂದಿರುವವರಿಗೆ, ಅದರಲ್ಲೂ ಧಾರವಾಡ, ಬೆಳಗಾವಿ, ಗದಗದಂಥ ಘಟ್ಟದ ಮೇಲಿನ ಊರುಗಳಿಂದ ಇಳಿದು ಹೋಗುವವರಿಗೆ, ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಅನುಕೂಲವಾದೀತೆಂದು ಬರೆಯುತ್ತಿದ್ದೇನೆ.

ನಾನು ಓಡಿದ್ದು ಗೋವಾ ರಿವರ್ ಮ್ಯಾರಥಾನಿನಲ್ಲಿ. ಗೋವಾ ಎಂದೊಡನೆ ಮರಳಿನ ದಂಡೆಯ ಮೇಲೆ ಓಡುವ ಚಿತ್ರ ಕಣ್ಣಿಗೆ ಕಟ್ಟಿಕೊಂಡು ಹೋಗುವವರಿಗೆ ಇಲ್ಲಿ ನಿರಾಸೆಯಾಗಬಹುದು, ಏಕೆಂದರೆ ವಾಸ್ಕೋ ಪಟ್ಟಣದ ಮಗ್ಗುಲಿನ ಚಿಖಲಿಯಿಂದ ಹೊರಡುವ ಈ ಓಟ ಝುವಾರಿ ನದಿಯ ದಂಡೆಯ ಹಳ್ಳಿಗಳೊಳಗೆ ಡಾಂಬರು ರಸ್ತೆಯ ಮೇಲೆಯೇ ಸಾಗುತ್ತದೆ. ಊರಿನ ಹೆಸರುಗಳ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಜನರ ಬಾಯಲ್ಲಿ ಚಿಖಲಿ, ಸಾಂಕವಾಳ, ಕುಠ್ಠಾಳಿ ಎಂದಿರುವ ಊರುಗಳು ಇಂಗ್ಲಿಷ್ ಫಲಕಗಳಲ್ಲಿ ಪೋರ್ತುಗೀಸರ ಕಾಲದ ಕಾಗುಣಿತ ಹೊತ್ತು ಚಿಕಾಲಿಮ್, ಸಾಂಕೋಲೆ, ಕೋರ್ಟಾಲಿಮ್ ಎಂದು ಕಾಣಿಸುತ್ತವೆ. ನಸುಕಿನಲ್ಲಿ ದಾರಿ ಕೇಳುವಾಗ ಎರಡೂ ರೂಪಗಳು ಗೊತ್ತಿದ್ದರೆ ಒಳ್ಳೆಯದು.

ಹೋಗುವ ದಾರಿ ನಮಗೆ ಸುಲಭ. ಯಶವಂತಪುರದಿಂದ ಹುಬ್ಬಳ್ಳಿಯ ಮೇಲೆ ಹೋಗುವ ರೈಲು ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಾಟಿಯಿಳಿದು ನೇರವಾಗಿ ವಾಸ್ಕೋದಲ್ಲಿಯೇ ಇಳಿಸುತ್ತದೆ. ಆದರೆ ಘಾಟಿಯಲ್ಲಿ ರೈಲು ನಿಧಾನ, ತಡವಾಗುವುದೂ ಉಂಟು. ಆದ್ದರಿಂದ ಭಾನುವಾರದ ಓಟಕ್ಕೆ ಶನಿವಾರ ತಲುಪುವ ಸಾಹಸ ಮಾಡದೆ ಶುಕ್ರವಾರವೇ ಮುಟ್ಟಿಕೊಳ್ಳಿ. ವಿಮಾನದಲ್ಲಿ ಬರುವವರು ಟಿಕೆಟಿನಲ್ಲಿ ಯಾವ ನಿಲ್ದಾಣವಿದೆ ಎಂಬುದನ್ನು ಎರಡೆರಡು ಸಲ ನೋಡಬೇಕು. ದಾಬೋಳಿ ನಿಲ್ದಾಣ ಚಿಖಲಿಗೆ ಕೂಗಳತೆಯ ದೂರದಲ್ಲಿದೆ. 2023ರಲ್ಲಿ ಆರಂಭವಾದ ಮೋಪಾ ನಿಲ್ದಾಣವಾದರೋ ರಾಜ್ಯದ ಉತ್ತರ ತುದಿಯ ಪೆಡ್ಣೆ ತಾಲ್ಲೂಕಿನಲ್ಲಿದೆ. ಅಲ್ಲಿಂದ ವಾಸ್ಕೋಗೆ ಬರುವ ಟ್ಯಾಕ್ಸಿಯ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ವಸತಿಗೆ ಕಳಂಗೂಟ, ಬಾಗಾಗಳನ್ನು ಮರೆತುಬಿಡಿ. ಅವು ಸುಮಾರು 40 ಕಿಲೋಮೀಟರ್ ದೂರದಲ್ಲಿವೆ, ಅಲ್ಲಿನ ಗದ್ದಲ ನಡುರಾತ್ರಿಯಾದರೂ ಅಡಗುವುದಿಲ್ಲ, ನೀವಾದರೋ ಎರಡೂವರೆಗೆ ಏಳಬೇಕಾದವರು. ವಾಸ್ಕೋ ಬಂದರಿನ ಊರಾದ್ದರಿಂದ ಪ್ರವಾಸಿಗರ ದರ ಅಷ್ಟಾಗಿ ಇಲ್ಲ; ಆದರೂ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬದಿಂದ ಹೊಸ ವರ್ಷದವರೆಗೂ ಇಡೀ ಗೋವಾದಲ್ಲಿ ಕೋಣೆಗಳಿಗೆ ನೂಕುನುಗ್ಗಲಿರುವುದರಿಂದ ಎರಡು ತಿಂಗಳು ಮೊದಲೇ ಕಾಯ್ದಿರಿಸುವುದು ಲೇಸು. ನಸುಕಿನ ವಾಹನದ ಏರ್ಪಾಡನ್ನು ಯಾರ ಬಾಯಿಮಾತಿಗೂ ಬಿಡಬೇಡಿ. ನಾನು ಮೊದಲ ರಾತ್ರಿ ಇಳಿದುಕೊಂಡಿದ್ದ ವಸತಿಗೃಹದವರು ಮೂರು ಗಂಟೆಗೆ ಗಾಡಿ ಕಳಿಸುವುದಾಗಿ ಒಪ್ಪಿಕೊಂಡು, ಶನಿವಾರ ಸಂಜೆ ವಿಚಾರಿಸಿದರೆ ಅಂಥ ಮಾತೇ ಆಡಿಲ್ಲವೆಂಬಂತೆ ನೋಡಿದರು. ಹಗಲಿನಲ್ಲಾದರೆ ಹಳದಿ–ಕಪ್ಪು ಬಣ್ಣದ ಬಾಡಿಗೆ ಬೈಕಿನ ‘ಪೈಲಟ್’ಗಳು ಸಿಗುತ್ತಾರೆ, ಆ ಹೊತ್ತಿನಲ್ಲಿ ಅವರನ್ನೂ ನೆಚ್ಚುವಂತಿಲ್ಲ.

ನನ್ನನ್ನು ಉಳಿಸಿದವರು ಝುವಾರಿನಗರದಲ್ಲಿರುವ ಚಿಗವ್ವ. ಬಂದರಿನ ಕೆಲಸಕ್ಕೆಂದು ಕಾಕಾ ಗದಗ ಕಡೆಯಿಂದ ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಅವರ ಓಣಿಯಲ್ಲಿ ಕೊಂಕಣಿಗಿಂತ ನಮ್ಮ ಮಾತೇ ಹೆಚ್ಚು ಕೇಳಿಸುತ್ತದೆ. ಪಕ್ಕದ ಮನೆಯ ಆಟೋದವನನ್ನು ಚಿಗವ್ವನೇ ಗೊತ್ತುಮಾಡಿದಳು. ನೋಂದಣಿಯ ಶುಲ್ಕ ಎಷ್ಟೆಂದು ಕೇಳಿದ ಮೇಲೆ ಮಾತ್ರ, “ದುಡ್ಡು ಕೊಟ್ಟು ಓಡತಾರೇನೋ ತಮ್ಮಾ? ಓಡಿದ್ದಕ್ಕ ಅವರ ಕೊಡಬೇಕಲ್ಲ?” ಎಂದು ಕೇಳಿದಳು. ಅದಕ್ಕೆ ಸರಿಯಾದ ಉತ್ತರ ನನ್ನಲ್ಲಿ ಇಂದಿಗೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನ ಗೋವಾದಲ್ಲಿ ಬೆಳಗಿನ ಉಷ್ಣಾಂಶ 21–22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ ಎಂದು ನೋಡಿ ನಾನು ನಿರಾಳನಾಗಿದ್ದೆ. ಆದರೆ ಓಟಗಾರನನ್ನು ಸೋಲಿಸುವುದು ಗಾಳಿಯಲ್ಲಿರುವ ತೇವ. ಓಡುವಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಶಾಖವಾಗುತ್ತದೆ. ಒಂದು ಕಿಲೋ ತೂಕಕ್ಕೆ ಒಂದು ಕಿಲೋಮೀಟರಿಗೆ ಒಂದು ಕಿಲೋಕ್ಯಾಲೊರಿ ಎಂಬ ಸ್ಥೂಲ ಲೆಕ್ಕ ಹಿಡಿದರೆ, 65 ಕಿಲೋ ತೂಗುವವನು ಮ್ಯಾರಥಾನಿನಲ್ಲಿ ಸುಮಾರು 2,700 ಕಿಲೋಕ್ಯಾಲೊರಿ ಸುಡುತ್ತಾನೆ. ಅದರಲ್ಲಿ 2,000ದಷ್ಟು ಶಾಖ ಮೈಯಿಂದ ಹೊರಗೆ ಹೋಗಲೇಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ, ಆದರೆ ಆವಿಯಾಗದೆ ಮೊಣಕೈಯಿಂದ ತೊಟ್ಟಿಕ್ಕಿ ರಸ್ತೆಗೆ ಬಿದ್ದ ಬೆವರಿನಿಂದ ಮೈಗೆ ಯಾವ ತಂಪೂ ಆಗುವುದಿಲ್ಲ. ಧಾರವಾಡದಲ್ಲಿ ಬೆವರು ಬಂದದ್ದೇ ಗೊತ್ತಾಗದಂತೆ ಆರುತ್ತದೆ. ಝುವಾರಿಯ ದಂಡೆಯಲ್ಲಿ ಐದನೆಯ ಕಿಲೋಮೀಟರಿಗೇ ನನ್ನ ಬನಿಯನ್ ಹಿಂಡುವಷ್ಟು ತೊಯ್ದಿತ್ತು, ಹದಿನೈದಕ್ಕೆ ಬೂಟಿನೊಳಗೆ ಪಚಪಚ ಸದ್ದು ಶುರುವಾಗಿತ್ತು.

ಇದು ನಮ್ಮಂಥ ಹವ್ಯಾಸಿಗಳಿಗಷ್ಟೇ ಬರುವ ಕಷ್ಟವೆಂದು ಭಾವಿಸಬೇಡಿ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿಗೆ ಆರಂಭಿಸಿದರೂ ಸೆಕೆ ತಾಳಲಾರದೆ 68 ಓಟಗಾರ್ತಿಯರಲ್ಲಿ 28 ಮಂದಿ ದಾರಿಯಲ್ಲೇ ನಿಂತರು. ಅದಾದ ಮೇಲೆ ಟೋಕಿಯೋ ಒಲಿಂಪಿಕ್ಸ್‌ನ ಮ್ಯಾರಥಾನುಗಳನ್ನು ತಂಪಿನ ಸಪ್ಪೋರೊ ನಗರಕ್ಕೆ ಸಾಗಿಸಲಾಯಿತು.

ಪರಿಹಾರವಿದೆ, ಆದರೆ ಅದಕ್ಕೆ ಸಮಯ ಬೇಕು. ಸೆಕೆಯಲ್ಲಿ ದಿನವೂ ಒಂದು ಗಂಟೆ ಓಡಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ: ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಎರಡು ವಾರ ಮೊದಲೇ ಗೋವಾಕ್ಕೆ ಹೋಗಿ ಕೂರುವುದು ಸಂಬಳದವರಿಗೆ ಆಗದ ಮಾತು. ಹಾಗಾಗಿ ಕೊನೆಯ ಮೂರು ವಾರ ನಸುಕಿನ ಬದಲು ಹತ್ತು ಗಂಟೆಯ ಬಿಸಿಲಿನಲ್ಲಿ, ತುಂಬುತೋಳಿನ ಅಂಗಿ ಹಾಕಿಕೊಂಡು, ನಿಧಾನವಾಗಿ ಓಡಿ. ಸಾಧ್ಯವಾದರೆ ಒಂದೆರಡು ಭಾನುವಾರ ಅಂಕೋಲಾ ಅಥವಾ ಕಾರವಾರಕ್ಕೆ ಇಳಿದು ದೂರದ ಓಟವನ್ನು ಕರಾವಳಿಯಲ್ಲೇ ಮಾಡಿ. ಅಲ್ಲಿನ ಗಾಳಿಗೂ ಗೋವಾದ ಗಾಳಿಗೂ ವ್ಯತ್ಯಾಸವಿಲ್ಲ. ನಾನು ಇದನ್ನು ಮಾಡಲಿಲ್ಲ, ಧಾರವಾಡದ ಚಳಿಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು 32 ಕಿಲೋಮೀಟರ್ ಓಡಿ ಬೀಗಿದ್ದೆ.

ಎರಡನೆಯ ತಪ್ಪು ಶನಿವಾರದ್ದು. ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ಓಟದ ಸಂಖ್ಯೆಯ ಚೀಟಿ, ತರುವ ಕೆಲಸ ಬೇಗ ಮುಗಿದದ್ದರಿಂದ, ಬಂದಿದ್ದೇನಲ್ಲ ಎಂದು ಪಣಜಿಗೆ ಹೋಗಿ ಫೊಂತೈನಾಸಿನ ಓಣಿಗಳನ್ನೂ ಹಳೆಯ ಗೋವಾದ ಚರ್ಚುಗಳನ್ನೂ ನೋಡಿ ಬಂದೆ. ಸಂಜೆ ಫೋನು 19,000 ಹೆಜ್ಜೆಗಳನ್ನು ತೋರಿಸಿತು. ಕಾಲುಗಳು ಆ ಲೆಕ್ಕವನ್ನು ಮರುದಿನ 27ನೆಯ ಕಿಲೋಮೀಟರಿನಲ್ಲಿ ಚುಕ್ತಾ ಮಾಡಿಕೊಂಡವು. ನೋಡುವುದೆಲ್ಲ ಓಟದ ನಂತರವೇ ಇರಲಿ, ಕುಡಿಯುವುದೂ ಹಾಗೆಯೇ. ಅಗ್ಗವಾಗಿ ಸಿಗುತ್ತದೆಂದು ಹಿಂದಿನ ರಾತ್ರಿ ಬಿಯರಿಗೆ ಕುಳಿತವರು ಬೆಳಿಗ್ಗೆ ಎಷ್ಟು ನೀರು ಕುಡಿದರೂ ಸಾಲದು. ಊಟದಲ್ಲಿಯೂ ಸಂಯಮ ಬೇಕು. ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯಗಳನ್ನು ಬಿಟ್ಟಿರುವುದು ನನಗೆ ಕಷ್ಟವೇ, ಆದರೆ ನಾರಿನಂಶ ಹೆಚ್ಚಿರುವ ಆ ಊಟ ಓಟದ ನಡುವೆ ಹೊಟ್ಟೆಯನ್ನು ಕಾಡುತ್ತದೆ. ಚಿಗವ್ವ ಮಾಡಿಕೊಟ್ಟ ಕುಚ್ಚಲಕ್ಕಿಯ ಗಂಜಿ, ಗೋವಾದವರು ಪೇಜ ಎನ್ನುವುದು, ಉಪ್ಪಿನಕಾಯಿಯೊಂದಿಗೆ ಎರಡು ಬಟ್ಟಲು ಹೊಟ್ಟೆ ಸೇರಿ ಹಗುರವಾಗಿತ್ತು. ಬೆಳಿಗ್ಗೆ ಎರಡು ಬಾಳೆಹಣ್ಣು, ಅರ್ಧ ಪಾವ್, ಒಂದು ಲೋಟ ಕಾಫಿ ಸಾಕಾಯಿತು.

ಓಟ ಕತ್ತಲೆಯಲ್ಲೇ ಶುರುವಾಗುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮೂಡುವುದು 6:50ರ ಸುಮಾರಿಗೆ. ಅಲ್ಲಿಯವರೆಗಿನ ಹೊತ್ತು ನಿಮ್ಮ ಬಂಡವಾಳ. ಆದರೆ ಆ ಬಂಡವಾಳವನ್ನು ವೇಗವಾಗಿ ಓಡಿ ಖರ್ಚು ಮಾಡಬಾರದು. ನಾನು ಮೊದಲ ಅರ್ಧವನ್ನು ಬೆಂಗಳೂರಿನ ವೇಗದಲ್ಲೇ ಓಡಿದೆ, ಅದು ಮೂರನೆಯ ತಪ್ಪು. ಈಗ ಕೇಳಿದರೆ, ಪ್ರತಿ ಕಿಲೋಮೀಟರಿಗೆ ಮೂವತ್ತರಿಂದ ನಲವತ್ತು ಸೆಕೆಂಡು ಬಿಟ್ಟುಕೊಟ್ಟು ಆರಂಭಿಸಿ ಎನ್ನುತ್ತೇನೆ. ಮೊದಲ ಬಾರಿಗೆ ಮ್ಯಾರಥಾನ್ ಓಡುವವರು ಅದಕ್ಕೆ ಗೋವಾವನ್ನು ಆರಿಸಿಕೊಳ್ಳದೆ ಇಲ್ಲಿ ಅರ್ಧ ಮ್ಯಾರಥಾನ್ ಓಡಿ ತೃಪ್ತಿಪಡುವುದು ಜಾಣತನ. ರಸ್ತೆ ಸಮತಟ್ಟಲ್ಲ ಎಂಬುದನ್ನೂ ಗಮನಿಸಿ. ನದಿ ಪಕ್ಕದಲ್ಲಿದ್ದರೂ ಹಳ್ಳಿಯಿಂದ ಹಳ್ಳಿಗೆ ಏರಿಳಿತಗಳಿವೆ.

ಇಷ್ಟಾದರೂ ದಾರಿ ಚೆಲುವಾದದ್ದು. ಸಾಂಕವಾಳದಲ್ಲಿ 1834ರಲ್ಲಿ ಸುಟ್ಟುಹೋದ ಚರ್ಚಿನ ಮುಂಗೋಡೆಯೊಂದೇ ಇಂದಿಗೂ ಒಂಟಿಯಾಗಿ ನಿಂತಿದೆ. ಓಟದ ಭರದಲ್ಲಿ ಅದನ್ನು ನೋಡಲಾಗುವುದಿಲ್ಲ, ಮರುದಿನ ಹೋಗಿ ನೋಡಿ. ಕುಠ್ಠಾಳಿಯ ಕಡೆ ಝುವಾರಿಯ ಹೊಸ ಕೇಬಲ್ ಸೇತುವೆಯ ದೀಪಗಳು ಕಾಣುತ್ತವೆ. ಮಂಗೇಶಿ ದೇವರ ಮೂಲಸ್ಥಾನ ಇದೇ ಕುಠ್ಠಾಳಿ. 1560ರಲ್ಲಿ ಪೋರ್ತುಗೀಸರ ಕಾಟಕ್ಕೆ ದೇವರನ್ನು ಪ್ರಿಯೋಳಕ್ಕೆ ಕೊಂಡೊಯ್ದರು. ಚಿಖಲಿಯ ಕೊಲ್ಲಿಯಲ್ಲಿ ಸಿಗುವ ಒಂದು ಬಗೆಯ ಚಪ್ಪಟೆ ಚಿಪ್ಪನ್ನು ಹಿಂದೆ ಗಾಜಿನ ಬದಲು ಕಿಟಕಿಗಳಿಗೆ ಕೂರಿಸುತ್ತಿದ್ದರು. ಅಂಥ ಒಂದು ಕಿಟಕಿಯ ಹಿಂದೆ ದೀಪ ಹೊತ್ತಿದ್ದು, ಹಾಲಿನಂಥ ಬೆಳಕು ಸೋಸಿ ಬರುತ್ತಿದ್ದುದನ್ನು ನಾನು ಓಡುತ್ತಲೇ ಕತ್ತು ತಿರುಗಿಸಿ ನೋಡಿದೆ.

ಏಳೂವರೆಯ ಹೊತ್ತಿಗೆ ಒಂದು ನಾಕಾದಲ್ಲಿ ಕೂಲಿಗೆ ಕಾದು ನಿಂತವರ ಗುಂಪಿತ್ತು. ನನ್ನ ಅಂಗಿಯ ಮೇಲೆ ‘ಧಾರವಾಡ’ ಎಂದಿದ್ದನ್ನು ಓದಿದ ಒಬ್ಬರು, “ಯಾಕ್ರೀ ಸರ, ಬಸ್ ತಪ್ಪೈತೇನು?” ಎಂದು ಕೂಗಿದರು. “ಇಲ್ರೀ, ಈಗ ಬಸ್ ಬಂದ್ರ ಹತ್ತೇ ಬಿಡ್ತಿದ್ದೆ” ಎಂದೆ. ಅದು ತಮಾಷೆಯ ಮಾತಾಗಿರಲಿಲ್ಲ. ಅಷ್ಟರಲ್ಲಿ ನಾನು ಪ್ರತಿ ನೀರಿನ ಕಟ್ಟೆಯಲ್ಲಿಯೂ ಎರಡೆರಡು ಲೋಟ ಬರೀ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದ್ದೆ, ಟೋಪಿಯ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ ಒಣಗಿತ್ತು, 31ನೆಯ ಕಿಲೋಮೀಟರಿಗೆ ವಾಂತಿಯಾಯಿತು. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಅದು ಲೀಟರಿಗೆ 135 ಮಿಲಿಮೋಲಿಗಿಂತ ಕೆಳಗಿಳಿದರೆ ಕಾಯಿಲೆಯೇ ಸರಿ. ಆದ್ದರಿಂದ ಮನೆಯಲ್ಲಿಯೇ ಒಂದು ಗಂಟೆಯ ಓಟದ ಮೊದಲೂ ನಂತರವೂ ತೂಗಿ ನೋಡಿಕೊಳ್ಳಿ. ಇಳಿದ ಒಂದು ಕಿಲೋ ಎಂದರೆ ಒಂದು ಲೀಟರ್ ಬೆವರು. ಅದಕ್ಕಿಂತ ತುಸು ಕಡಿಮೆಯೇ ಕುಡಿಯಿರಿ. ಔಷಧದಂಗಡಿಯ ಓಆರ್‌ಎಸ್ ಪೊಟ್ಟಣ ಅದರ ಮೇಲೆ ಬರೆದಷ್ಟು ನೀರಿಗೆಂದೇ ಅಳೆದು ಮಾಡಿದ್ದು, ಒಂದು ಲೀಟರಿನದನ್ನು ಅರ್ಧ ಲೀಟರಿಗೆ ಹಾಕಿ ಗಟ್ಟಿ ಮಾಡಬಾರದು.

ಬಿಸಿಲಿನಲ್ಲಿ ಓಡುತ್ತಿರುವಾಗಲೇ ಚಳಿಯಾದಂತೆ ಮೈ ಜುಮ್ಮೆಂದು ರೋಮ ನಿಂತರೆ, ಮಾತು ತೊದಲಿದರೆ, ಅಲ್ಲಿಯೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ದೇಹದ ಒಳಗಿನ ಶಾಖ 40 ಡಿಗ್ರಿ ದಾಟುವುದರ ಸೂಚನೆ ಅದಿರಬಹುದು. ತಣ್ಣೀರಿನಲ್ಲಿ ತಕ್ಷಣ ಮೈ ಮುಳುಗಿಸುವುದೇ ಅದಕ್ಕೆ ಮೊದಲ ಚಿಕಿತ್ಸೆ. ನನಗೆ ಅಷ್ಟಾಗಲಿಲ್ಲ. ಮೂರು ಕಿಲೋಮೀಟರ್ ನಡೆದು, ಉಪ್ಪು ಸವರಿದ ಕಿತ್ತಳೆ ತೊಳೆಗಳನ್ನು ತಿಂದು, ಮತ್ತೆ ಮೆಲ್ಲಗೆ ಓಡಿ ಮುಗಿಸಿದೆ.

ತೊಡೆಸಂದಿಗೂ ಕಂಕುಳಿಗೂ ವ್ಯಾಸಲೀನ್ ಧಾರಾಳವಾಗಿ ಹಚ್ಚಿಕೊಳ್ಳಿ; ಒದ್ದೆ ಬಟ್ಟೆ ಐದು ಗಂಟೆ ತಿಕ್ಕಿದರೆ ಏನಾಗುತ್ತದೆಂಬುದು ಸಂಜೆ ಬೊಗ್ಮಾಳೊ ಕಡಲಿಗಿಳಿದಾಗ ನನಗೆ ತಿಳಿಯಿತು. ಅಲ್ಲಿಯೂ ಮೊಣಕಾಲಿನ ಮಟ್ಟದವರೆಗೆ ಮಾತ್ರ ಇಳಿಯಿರಿ, ದಣಿದ ಮೀನಖಂಡ ನೀರಿನಲ್ಲಿ ಹಿಡಿದುಕೊಂಡರೆ ಈಜುಗಾರನೂ ಮುಳುಗುತ್ತಾನೆ. ದಂಡೆಯಲ್ಲಿ ಕುಳಿತು ಕೋಕಂ, ತೆಂಗಿನ ಹಾಲಿನ ಸೋಲ್ ಕಡಿಯನ್ನು ಎರಡು ಲೋಟ ಕುಡಿದದ್ದು ಆ ದಿನ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ.

ಇನ್ನು ಮರಳುವ ಟಿಕೆಟ್. ಅದೇ ರಾತ್ರಿಯ ರೈಲಿಗೆ ಹತ್ತುವುದಾದರೆ ಕೆಳಗಿನ ಬರ್ತನ್ನೇ ಕಾಯ್ದಿರಿಸಿ. ನನಗೆ ಸಿಕ್ಕಿದ್ದು ಮೇಲಿನದು. ಏಣಿಯ ಎರಡನೆಯ ಮೆಟ್ಟಿಲಿಗೆ ಕಾಲೆತ್ತಲಾಗದೆ ನಿಂತಿದ್ದವನನ್ನು ನೋಡಿ, ಎಪ್ಪತ್ತು ದಾಟಿದ್ದ ಲೋಂಡಾದ ಹಿರಿಯರೊಬ್ಬರು ತಮ್ಮ ಕೆಳಗಿನ ಬರ್ತನ್ನು ನನಗೆ ಬಿಟ್ಟುಕೊಟ್ಟು, “ನೀವು ಇಲ್ಲೇ ಮಲಗ್ರಿ, ನಾ ಹತ್ತತೇನಿ” ಎಂದು ಸರಸರನೆ ಮೇಲೇರಿದರು.