ಮಾತಾಡ್ದಂಗೇ ಬರೆಯೋದು ಹೆಂಗೆ ಅಂತ ಕೇಳ್ತೀರಲ್ಲ

ನನ್ನ ಬರಹ ಓದೋರು ಪದೇ ಪದೇ ಕೇಳೋದು ಒಂದೇ, "ನೀವು ಎದುರಿಗೆ ಕೂತು ಮಾತಾಡ್ದಂಗೇ ಬರೀತೀರಲ್ಲ, ನಾವು ಬರೆಯಕ್ಕೆ ಕೂತ್ರೆ ಸರ್ಕಾರಿ ಸುತ್ತೋಲೆ ಆಗ್ಬಿಡತ್ತೆ, ಯಾಕೆ?"

ನಂದೂ ಮೊದ್ಲು ಸುತ್ತೋಲೆನೇ ಕಣ್ರೀ. ಒಂದ್ಸಲ ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬರೆಯೋ ಕೆಲಸ ನನ್ನ ತಲೆಗೆ ಬಿತ್ತು, ನಾನು ಬರೆದಿದ್ದು ಹೀಗೆ: "ನೀರಿನ ತೊಟ್ಟಿಯನ್ನು ಸ್ವಚ್ಛಗೊಳಿಸುವ ಕಾರ್ಯವನ್ನು ಹಮ್ಮಿಕೊಳ್ಳಲಾಗಿರುವುದರಿಂದ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ನಿವಾಸಿಗಳು ಸಹಕರಿಸಬೇಕಾಗಿ ವಿನಂತಿ." ಕೆಳಗಿನ ಮನೆ ಅಜ್ಜಿ ಕನ್ನಡಕ ಮೇಲೆ ಕೆಳಗೆ ಮಾಡಿ ಓದಿ, "ನೀರು ಯಾವಾಗ ನಿಲ್ಲತ್ತಪ್ಪಾ, ಅಷ್ಟು ಹೇಳು" ಅಂದ್ರು. ನೋಡಿದ್ರೆ ನಾನು ಟೈಮೇ ಹಾಕಿರ್ಲಿಲ್ಲ! ಆ ವಾಕ್ಯದ ಗತ್ತಿನಲ್ಲಿ ಅದು ನಂಗೇ ಕಂಡಿರ್ಲಿಲ್ಲ.

ಅಜ್ಜಿಗೆ ಬಾಯಲ್ಲಿ ಹೇಳಿದ್ದನ್ನೇ ಆಮೇಲೆ ಬರೆದು ಅಂಟಿಸಿದೆ: "ಶನಿವಾರ ಟ್ಯಾಂಕ್ ತೊಳೀತೀವಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರ ತನಕ ನೀರು ಬರಲ್ಲ. ಶುಕ್ರವಾರ ರಾತ್ರಿನೇ ಹಿಡಿದಿಟ್ಕೊಳ್ಳಿ."

ಇದ್ರಲ್ಲಿ "ತೊಳೀತೀವಿ" ನೋಡಿ, ಕೊನೇಲಿರೋ "ವಿ" ಒಂದೇ ಸಾಕು ಯಾರು ತೊಳೀತಾರೆ ಅಂತ ಹೇಳಕ್ಕೆ, ಕನ್ನಡದ ಕ್ರಿಯಾಪದ ಅಷ್ಟು ಜಾಣ, "ನಾವು" ಅನ್ನೋದೂ ಬೇಕಿಲ್ಲ. "ತೊಳೆಯಲಾಗಿದೆ", "ತೊಳೆಯಲಾಗುವುದು" ಅಂದ ತಕ್ಷಣ ತೊಳೆಯೋ ಆಸಾಮಿ ಪರಾರಿ.

ಇನ್ನೊಂದು "ಮತ್ತು" ಅನ್ನೋ ಪೀಡೆ. "ಎದ್ದೆನು ಮತ್ತು ಸ್ನಾನ ಮಾಡಿದೆನು ಮತ್ತು ತಿಂಡಿ ತಿಂದೆನು" ಅಂತ ಯಾರಾದ್ರೂ ಮಾತಾಡ್ತಾರಾ? ಎದ್ದು ಸ್ನಾನ ಮಾಡಿ ತಿಂಡಿ ತಿಂದು ಬಸ್ ಹತ್ತಿದೆ ಅಂತೀವಿ, ಎಷ್ಟು ಉದ್ದ ಹೋದ್ರೂ ಉಸಿರು ಕಟ್ಟಲ್ಲ.

ಸಂಸ್ಕೃತ ಪದ ಬಿಟ್ರೆ ಸಾಕಾ ಅಂತಾನೂ ಕೇಳ್ತಾರೆ. ಇದು ಹಳೇ ಜಗಳ, 12ನೇ ಶತಮಾನದ ಶುರುವಲ್ಲೇ ಮುಳಗುಂದದ ಕವಿ ನಯಸೇನ, ಕನ್ನಡಕ್ಕೆ ಸಂಸ್ಕೃತ ಬೆರೆಸೋರನ್ನ ತುಪ್ಪಕ್ಕೆ ಎಣ್ಣೆ ಬೆರೆಸ್ತೀರಾ ಅಂತ ಜಾಡಿಸಿದ್ದ. ನನಗಂತೂ ಪದಕ್ಕಿಂತ ವಾಕ್ಯದ ಕಟ್ಟಿನಲ್ಲೇ ಗಂಟು ಜಾಸ್ತಿ ಕಾಣತ್ತೆ. "ಸ್ನಾನ" ಸಂಸ್ಕೃತನೇ, ಯಾರಿಗೆ ತೊಂದ್ರೆ ಆಗಿದೆ?

ಹಂಗಂತ ಬಾಯಿಗೆ ಬಂದಿದ್ದೆಲ್ಲಾ ಹಂಗೇ ಟೈಪ್ ಮಾಡಿದ್ರೂ ಕಷ್ಟ. "ಹೊರ್ಟೋಗ್ಬಿಟ್ಟಿದ್ನಂತೆ" ಕಿವಿಗೆ ಸಲೀಸು, ಕಣ್ಣಿಗೆ ಅಲ್ಲ. ನಾನು ಹಾಸನದ ಕಡೆಯೋನು, ಧಾರವಾಡದ ಗೆಳೆಯ ಇಂಥದ್ದೊಂದನ್ನ ಎರಡೆರಡು ಸಲ ಓದಿ "ಏನ್ ಬರ್ದೀಯಲೇ ಇದು" ಅಂದ. ಅದಕ್ಕೆ ಈಗ ಬರೆದ ಮೇಲೆ ಜೋರಾಗಿ ಓದ್ಕೋತೀನಿ, ನಾಲಿಗೆ ತಡವರಿಸಿದ ಕಡೆ ಒಡೀತೀನಿ.

ಇಷ್ಟೆಲ್ಲಾ ಹೇಳೋ ನಾನು ಮೊನ್ನೆ ಬ್ಯಾಂಕಿಗೆ ಅರ್ಜಿ ಬರೆಯಕ್ಕೆ ಕೂತ್ರೆ, ಪೆನ್ನು ತಂತಾನೇ "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಓಡ್ತು.